ಸೇತುವೆ ಎತ್ತಿದ್ದರು

ಆವತ್ತು ಸೇತುವೆ ಎತ್ತಿದ್ದರು, ಹಿಸ್ಕೆ.
ಡಿಸೆಂಬರಿನ ಬೆಳಗಿನ ಆರು, ಅಂದರೆ ರಾತ್ರಿಯೇ.
ಫ್ರೀಸ್‌ಲ್ಯಾಂಡಿನ ಮಂಜು ಕಾಲುವೆಯ ಮೇಲೆ ಕೂತು ಏಳಲೊಲ್ಲದು.
ಜಲ್ಲಿ ಹೇರಿಕೊಂಡ ದೋಣಿಯೊಂದು
ತುಂಬು ಬಸುರಿಯ ಹಾಗೆ, ಅಷ್ಟೇ ನಿಧಾನ, ಅಷ್ಟೇ ಮೊಂಡು,
ಹಾಯುತ್ತಿತ್ತು.
ನಾನು ಈಚೆ ದಡದಲ್ಲಿ, ಸೈಕಲ್ಲಿನಿಂದ ಒಂದು ಕಾಲೂರಿ.
ಆಚೆ ದಡದ ಮೂರನೇ ಮನೆಯ ಮಾಳಿಗೆಯಲ್ಲಿ ದೀಪ,
ದೀಪದ ಕೆಳಗೆ ನಿನ್ನಮ್ಮ.

ಸೇತುವೆ ಕಾಯುವ ಡೌವನಿಗೆ ಕೈ ಬೀಸಿದೆ, ಬೇಗ ಇಳಿಸೋ ಎಂದು.
ಅವನೂ ಗೂಡಿನೊಳಗಿಂದ ಕೈ ಬೀಸಿದ,
ನಮಸ್ಕಾರವೆಂದುಕೊಂಡು.

ನಲವತ್ತು ವರ್ಷದ ಕಸುಬಿನಲ್ಲಿ ಕಲಿತದ್ದು ಒಂದೇ ವಿದ್ಯೆ:
ನನ್ನ ಕೈಗಳ ಮೇಲೆ ನಾನೇ ಕೂತುಕೊಳ್ಳುವುದು.
ಆದರೆ ಅದು ಮನೆಯೊಳಗಿನ ಮಾತು,
ದಡದ ಮೇಲೆ ನಿಂತವಳಿಗೆ ಹೇಳಿದ್ದಲ್ಲ.

ನಿಮ್ಮ ಮನೆಯ ಮೆಟ್ಟಿಲು ಗೊತ್ತಲ್ಲ, ಏಣಿಯ ತಮ್ಮ.
ಚೀಲ ಮುಂದೆ ತಳ್ಳಿಕೊಂಡು ಹತ್ತಿದೆ.
ಮಂಚದ ಕಾಲಿಗೆಲ್ಲ ಮರದ ದಿಮ್ಮಿ ಕೊಟ್ಟು ಎತ್ತರಿಸಿದ್ದ ನಿನ್ನಪ್ಪ,
ಸೂಲಗಿತ್ತಿಯ ಬೆನ್ನು ಉಳಿಯಲೆಂದು, ನಮ್ಮಲ್ಲಿ ಎಲ್ಲರೂ ಮಾಡುವ ಹಾಗೆ.
ಅಷ್ಟೆಲ್ಲ ಎತ್ತರಿಸಿದ ಮಂಚಕ್ಕೆ ನಿನ್ನಮ್ಮ ಹತ್ತಲೇ ಇಲ್ಲ.
ಕಿಟಕಿಯ ಕೆಳಗಿನ ಬೆಚ್ಚನೆಯ ಕೊಳವೆ ಹಿಡಿದು
ನೆಲದಲ್ಲಿ ಮೊಣಕಾಲೂರಿದ್ದಳು.
ನನ್ನ ಬೆನ್ನು ಅಲ್ಲಿಗೇ ಇಳಿಯಿತು.

ಮರದ ಕಹಳೆ ಹೊಟ್ಟೆಗಿಟ್ಟು ಕಿವಿ ಕೊಟ್ಟೆ:
ಪಕ್ಕದ ಮನೆಯಲ್ಲಿ ಯಾರೋ ಹೊಲಿಗೆ ಯಂತ್ರ ತುಳಿದ ಹಾಗೆ ನೀನು,
ನಿನ್ನ ಪಾಡಿಗೆ ನಿನ್ನ ಕೆಲಸದಲ್ಲಿ.
ನಿನ್ನಪ್ಪ ಸಿಬ್ರೆನ್ ಗಡಿಯಾರ ಹಿಡಿದು ಹೇಳುತ್ತಿದ್ದ,
ಮೂರು ನಿಮಿಷ. ಮೂರು ನಿಮಿಷ. ಎರಡೂವರೆ.
'ಬಾಯಿ ಮುಚ್ಚು' ಅಂದಳು ನಿನ್ನಮ್ಮ.
ಅದೇ, ನಾನು ಕಾಯುತ್ತಿದ್ದ ಗುರುತು.

'ನನ್ನ ಕೈಲಾಗಲ್ಲ.'
ಯೆಲ್ತ್ಯೆ, ಆಗುತ್ತಿದೆ, ಎಂದೆ.
ಆಗಲ್ಲ ಎಂದವಳ ಮೈ ಆಗಲೇ ಹೊರಟಿತ್ತು
ಅವಳನ್ನು ಕೇಳದೆ.
ಎರಡು ಬೇನೆಗಳ ನಡುವೆ ಎಂಥ ಮೌನ ಅಂತೀ,
ಕೆಳಗೆ ಬೆಕ್ಕು ಬಟ್ಟಲು ನೆಕ್ಕುವುದೂ ಕೇಳುತ್ತಿತ್ತು.

ನನ್ನ ಜೇಬಿನಲ್ಲಿ ಫೋನು.
ಆಸ್ಪತ್ರೆ ಇಪ್ಪತ್ತೆರಡು ನಿಮಿಷ,
ಸೇತುವೆ ಇಳಿದಿದ್ದರೆ.
ಎಷ್ಟೋ ಸಲ ಫೋನು ಮಾಡಿದವಳೇ ನಾನು, ನಾಚಿಕೆಯೇನಿಲ್ಲ.
ಆವತ್ತು ಮಾತ್ರ ಬೆರಳು ಜೇಬಿಗೆ ಹೋಗಿ
ಬರಿದೇ ವಾಪಸು ಬಂತು, ಎರಡು ಸಲ.
ಇದನ್ನು ನಿನ್ನಮ್ಮನಿಗೆ ಹೇಳಿಲ್ಲ.

ಎಂಟು ಹತ್ತಕ್ಕೆ ನಿನ್ನ ನೆತ್ತಿ.
ಹೊರಗಿನ್ನೂ ಬೆಳಕು ಹುಟ್ಟಿರಲಿಲ್ಲ. ನೀನೇ ಮೊದಲು.
ಕೊರಳಿಗೆ ಒಂದು ಸುತ್ತು ಬಳ್ಳಿ;
ಶಾಲೆಯಿಂದ ಬಂದ ಹುಡುಗಿಯ ಮಫ್ಲರ್ ಬಿಚ್ಚುವ ಹಾಗೆ ಬಿಚ್ಚಿದೆ.
ಭುಜ. ಆಮೇಲೆ ಇಡೀ ನೀನು, ಜಾರಿ,
ಒದ್ದೆ ಸಾಬೂನಿನಂತೆ.

ಸುಮ್ಮನಿದ್ದೆ.
ಟವೆಲ್ಲಿನಿಂದ ತಿಕ್ಕಿದೆ.
ಸುಮ್ಮನಿದ್ದೆ.
ನಿನ್ನಪ್ಪ ಎಣಿಸುವುದನ್ನು ನಿಲ್ಲಿಸಿದ್ದ.
ಇನ್ನೂ ತಿಕ್ಕಿದೆ.
ಆಗ ಕಾಲುವೆಯ ಕಡೆಯಿಂದ ಗಂಟೆ, ಸೇತುವೆ ಮತ್ತೆ ಯಾರಿಗೋ ಏಳುತ್ತಿತ್ತು,
ನೀನು ಮುಖ ಸೊಟ್ಟಗೆ ಮಾಡಿ ಅದಕ್ಕೇ ಬೈದ ಹಾಗೆ ಅತ್ತೆ.

ಗಂಟೆಯಿಂದ ಜೀವ ಬಂತೆಂದು ನಿನ್ನಜ್ಜಿ ಊರಿಗೆಲ್ಲ ಹೇಳುತ್ತಾಳೆ.
ಗಂಟೆಯಿಂದಲ್ಲ. ಟವೆಲ್ಲಿನಿಂದ.
ಹೋಗಲಿ, ಗಂಟೆಯಿಂದಲೂ ಇರಬಹುದು.

ಮಾಸು ಬಿತ್ತು, ಇಡಿಯಾಗಿ.
ನಿನ್ನಪ್ಪ ಅದನ್ನು ಪೇರ್ ಮರದ ಬುಡದಲ್ಲಿ ಹೂತ,
ಹೆಪ್ಪುಗಟ್ಟಿದ ನೆಲ ಅಗೆದು, ಬೆವರಿ, ತಾನೇ ಹೆತ್ತವನಂತೆ.
ಆ ಮರ ಇವತ್ತಿಗೂ ಕಲ್ಲಿನಂಥ ಕಾಯಿ ಬಿಡುತ್ತದೆ.
ಗರಿಗರಿ ರಸ್ಕಿನ ಮೇಲೆ ಬೆಣ್ಣೆ, ಅದರ ಮೇಲೆ ಸಕ್ಕರೆ ಕಟ್ಟಿದ ಗುಲಾಬಿ ಸೋಂಪು;
ಬಾಣಂತಿ ನಾಲ್ಕು ತಿಂದಳು, ನಾನು ಎರಡು.

ಇವತ್ತು ನೀನು ಅದೇ ಸೇತುವೆಯ ಬಳಿ ಗಾಳ ಹಾಕಿ ಕೂತಿದ್ದೆ,
ಹನ್ನೊಂದು ವರ್ಷದವಳು, ಕಾಲು ನೀರಿನತ್ತ ಇಳಿಬಿಟ್ಟು.
'ಇವತ್ತು ಯಾರ ಮನೆಗೆ?' ಎಂದೆ.
ಯಾರ ಮನೆಗೂ ಅಲ್ಲ ಮಗೂ, ಮೊಣಕಾಲು ಕೈಕೊಟ್ಟಿದೆ,
ಚೀಲ ಇನ್ನೊಬ್ಬಳ ಹೆಗಲಿಗೆ ಹೋಯಿತು.
ಬ್ರೆಡ್ಡು ತರಲು ಹೊರಟೆ.
ಸೇತುವೆ ಎತ್ತಿದ್ದರು.

ನಿನ್ನ ದಾರ ಒಮ್ಮೆ ಅದುರಿತು.
ಎಳೀಬೇಡ, ಎಂದೆ.
ಇನ್ನೂ ಎಳೀಬೇಡ.