ಗಂಟು

ಫೋಟೋದಲ್ಲಿ ಅದು ಹಸಿರಾಗಿತ್ತು,
ಆಗಷ್ಟೇ ಮಿಂದು ಬಂದ ಕಪ್ಪೆಯ ಹಾಗೆ.
ಹಿಂದೆ ಸಿಮೆಂಟಿನ ಅಂಗಳ, ಮೂಲೆಯಲ್ಲಿ
ಮಗುವಿನ ಚಪ್ಪಲಿ, ಒಂದೇ ಒಂದು.
ಮಗು ಇರುವ ಮನೆಯವರು ಮೋಸ ಮಾಡಲಾರರು
ಅಂದುಕೊಂಡೆ. ಹೀಗೆಲ್ಲ ಲೆಕ್ಕ ಹಾಕುತ್ತೇವೆ
ಏಳೂವರೆ ಸಾವಿರ ಕಳಿಸುವ ಮುಂಚೆ.

‘ಎರಡು ಹೆಚ್‌ಪಿ, ಸಿಂಗಲ್ ಫೇಸು, ಪೂರಾ ತಾಮ್ರ,
ಒಂದೇ ಕೈ ಬಳಸಿದ್ದು, ನೋಡಿ ಅಕ್ಕ, ಓಡುತ್ತಿದೆ.’
ಹನ್ನೊಂದು ಸೆಕೆಂಡಿನ ವಿಡಿಯೋ.
ಹನ್ನೆರಡನೆಯ ಸೆಕೆಂಡನ್ನು ನಾನು ಕೇಳಲಿಲ್ಲ.

ನಾಪೋಕ್ಲು ಪೇಟೆಯ ತುದಿಯಲ್ಲಿ ನನ್ನ ಮಿಲ್ಲು.
ಮೆಣಸು, ಗೋಧಿ, ಎಲ್ಲಕ್ಕಿಂತ ಹೆಚ್ಚು ಅಕ್ಕಿ ತರಿ.
ನುಣ್ಣಗಾದರೆ ಕಡಂಬುಟ್ಟು ಅಂಟು, ದಪ್ಪವಾದರೆ ಗುಂಡುಕಲ್ಲು,
ಎರಡಕ್ಕೂ ಬೈಗುಳ ನನಗೇ.
ಹಳೆಯ ಮೋಟಾರು ಹೊಳೆ ಮೇಲೆ ಬಂದ ವಾರ
ಹೊಟ್ಟೆ ತುಂಬ ಕೆಸರು ಕುಡಿದು ಸತ್ತಿತು.

ಕೈಲ್‌ಪೊಳ್ದಿಗೆ ಆರು ದಿನ ಇರುವಾಗ
ಗೋಣಿ ಹೊದ್ದು, ಮಡಿಕೇರಿ ಬಸ್ಸಿನಲ್ಲಿ
ಡ್ರೈವರಿನ ಹಿಂದೆ ಕೂತು ಇದು ಬಂತು.
ಸ್ವಿಚ್ಚು ಹಾಕಿದೆ.
ವಿಡಿಯೋಕ್ಕಿಂತ ಸ್ವಲ್ಪ ಹೆಚ್ಚೇ ಓಡಿತು, ಸುಳ್ಳು ಹೇಳಬಾರದು.
ಆಮೇಲೆ ಗುಂಯ್ ಅಂದಿತು, ನಿಂತಿತು, ನಾತ.

‘ಇಲ್ಲಿಂದ ಹೊರಡುವಾಗ ಸರಿ ಇತ್ತಲ್ಲ ಅಕ್ಕ,
ನಿಮ್ಮ ಕೊಡಗಿನ ಕರೆಂಟೇ ಸರಿಯಿಲ್ಲ.’
ಅದು ಅರ್ಧ ನಿಜ.
ಪೂರ್ತಿ ಸುಳ್ಳಿಗೆ ಬೈಯಬಹುದು,
ಅರ್ಧ ನಿಜಕ್ಕೆ ಏನು ಹೇಳುವುದು?
ಮರುದಿನದಿಂದ ನನ್ನ ಮೆಸೇಜುಗಳಿಗೆ ಒಂದೇ ಗೆರೆ,
ಆ ಚಪ್ಪಲಿಯ ಹಾಗೆ.

ಮೊಯ್ದು ಕಾಕನ ಅಂಗಡಿಗೆ ಇಬ್ಬರು ಹೊತ್ತು ತಂದರು.
ಕಾಕ ನಾಲ್ಕು ಬೋಲ್ಟು ಬಿಚ್ಚಿ
ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರು,
ಮಲಗಿದವರನ್ನು ಎಬ್ಬಿಸುವ ಹಾಗೆ.
ಹೊರಗೆ ಹಸಿರು, ಅದರಡಿ ನೀಲಿ, ಅದರಡಿ ತುಕ್ಕು.
ಒಳಗಿನ ತಂತಿ ತಾಮ್ರದ ಬಣ್ಣದ್ದೇ;
ಬ್ಲೇಡಿನಲ್ಲಿ ಕೆರೆದರೆ ಬಿಳಿ.
‘ಅಲ್ಯೂಮಿನಿಯಂ’ ಎಂದರು.
‘ಕಳ್ಳರು’ ಎಂದೆ ನಾನು.
ಕಾಕ ಹೂಂ ಅನ್ನಲಿಲ್ಲ.

ಅವರ ಹೆಬ್ಬೆರಳು ಒಂದು ನೂಲಿನ ಗಂಟಿನ ಮೇಲೆ ನಿಂತಿತ್ತು:
ಎರಡು ಸುತ್ತು, ಬಾಲ ಹಿಂದಕ್ಕೆ ಮಡಚಿ ಒಳಗೆ,
ಗಾಳಕ್ಕೆ ದಾರ ಕಟ್ಟುವವರ ಹಾಗೆ.
ಬೆಂಚಿನ ಮೇಲೆ ರಿಪೇರಿಯಾದ ಇನ್ನೆರಡು ಮೋಟಾರು
ಬಾಯಿ ತೆರೆದು ಕೂತಿದ್ದವು.
ನೋಡಬಾರದಿತ್ತು, ನೋಡಿದೆ.
ಅವಕ್ಕೂ ಅದೇ ಗಂಟು.

ಯಾರ ತೋಟದ ಪಂಪಿನಿಂದ ಯಾರ ಗುಜರಿಗೆ,
ಯಾವ ಲಾರಿಯಲ್ಲಿ ಕೊಯಮತ್ತೂರು ಕಂಡು,
ಎಷ್ಟು ಬಣ್ಣ ಮಿಂದು...
ಬೀದಿಯಲ್ಲಿ ಹೋಗುವ ಮಾರಿಯಲ್ಲ,
ಊರು ಬಿಟ್ಟು ಹೋದ ಮಾರಿಯನ್ನೇ
ಸಾಗಣೆ ಖರ್ಚು ಕೊಟ್ಟು ಕರೆಸಿದ್ದೆ.

ಬಹಳ ಹೊತ್ತಿನ ಮೇಲೆ ಕಾಕ ಎಂದರು:
‘ಶನಿವಾರ ಬಾ, ಬೊಳ್ಳಮ್ಮ. ಕೂಲಿ ಬೇಡ.
ತಂತಿ ನನ್ನದು.’
ಯಾವ ತಂತಿ, ಇನ್ನು ಸುತ್ತುವುದೋ
ಈಗ ಬಿಚ್ಚಿದ್ದೋ,
ಅದನ್ನೂ ನಾನು ಕೇಳಲಿಲ್ಲ.

ಶನಿವಾರ, ಬೇಡ ಬೇಡವೆಂದರೂ,
ಉಳಿದ ತಂತಿಯ ತುದಿ ಕೆರೆದು ತೋರಿಸಿದರು.
ಕೆಂಪು. ಗಾಯದಷ್ಟು ಕೆಂಪು.
ಕೈ ಮಾತ್ರ ಸ್ವಲ್ಪ ನಡುಗುತ್ತಿತ್ತು.
ವಯಸ್ಸು ಇರಬೇಕು.

ಹಬ್ಬದ ಮುನ್ನಾದಿನ ರಾತ್ರಿ ಒಂಬತ್ತರವರೆಗೂ ಸಾಲು.
ತರಿ ಹದವಾಗಿ ಬಿತ್ತು, ಯಾರೂ ಬೈಯಲಿಲ್ಲ.
ಕಾಕನ ಮನೆಗೆ ಪತ್ತಿರಿಗೆಂದು
ಎರಡು ಸೇರು ಅಕ್ಕಿ ನುಣ್ಣಗೆ ಬೀಸಿ ಕಳಿಸಿದೆ.
ಬೆಳಿಗ್ಗೆ ಮನೆಯಲ್ಲಿ ಕೋವಿಗೆ ಇಟ್ಟು ಉಳಿದ ಒಂದು ತೋಕ್‌ಪೂವನ್ನು
ತಂದು ಮೋಟಾರಿಗೆ ಸಿಕ್ಕಿಸಿದೆ.
ಹೂವು ಅದರುತ್ತಿರುವುದನ್ನೇ ವಿಡಿಯೋ ಮಾಡಿ
ಆ ಹಳೆಯ ನಂಬರಿಗೆ ಕಳಿಸಿದೆ,
ಹನ್ನೆರಡು ಸೆಕೆಂಡು, ಎಣಿಸಿ.

ಒಂದು ಗೆರೆ ಬಿತ್ತು.
ಇನ್ನೂ ಒಂದೇ ಇದೆ.
ಟಾರ್ಚು ಹಿಡಿದು ಜಾಲರಿಯೊಳಗೆ ಇಣುಕಿದರೆ
ಗಂಟು ಕಾಣುತ್ತದಂತೆ.
ಇಣುಕಿಲ್ಲ.