ಹಿಂದಿನ ಎಡ ಚಕ್ರ

ಕೆಮ್ಮಣ್ಣು ದಾಟಿದ ಮೇಲೆ ಡಾಂಬರು ಮುಗಿಯುತ್ತದೆ,
ಆಮೇಲೆ ಹೊಳೆಯದೇ ಮಾತು.
ಹಮ್ಮಬ್ಬರ ಓಮ್ನಿಯಲ್ಲಿ ನಾವು ಆರು ಜನ,
ನಾಲ್ಕು ದುರ್ಬೀನು, ಒಂದು ಫ್ಲಾಸ್ಕು ಚಹಾ,
ಓಲೆ ಬಿಚ್ಚದ ಮೂಡೆ, ಇನ್ನೂ ಬಿಸಿ.

ನನಗೆ ಪಟ್ಟಿ ಬರೆಯುವ ಕೆಲಸ.
ಅಕ್ಷರ ದುಂಡಗೆ ಉಂಟು ಎಂದು ಹೊಗಳಿ ಕೊಟ್ಟದ್ದು.
ನಿಜವೆಂದರೆ ನನಗೆ ಹತ್ತು ಮಾರಿನಾಚೆ
ಲೋಕವೆಲ್ಲ ನೀರು ಬಿದ್ದ ಶಾಯಿ.
ಇನ್ನು ಗಾಜು ಬದಲಿಸಿ ಆಗುವಂಥದ್ದಲ್ಲ
ಎಂದಿದ್ದಾರೆ ಡಾಕ್ಟರು.
ಇವರಿಗೆ ಹೇಳಿಲ್ಲ.

ಮೇ ತಿಂಗಳು. ಇಳಿತದ ಹೊತ್ತು.
ಕಾಂಡ್ಲಾ ಬೇರುಗಳು ಕೆಸರಿನಿಂದ
ಉಸಿರಿಗೆ ಮೂತಿ ಎತ್ತಿವೆ.
ಏಡಿಯ ತೂತಿನಲ್ಲಿ ಗುಳ್ಳೆ ಒಡೆಯುವ ಸದ್ದು.
ಲೋಬೊ ಮಾಸ್ಟ್ರು ಕಣ್ಣು ತೆಗೆಯದೆ ಕೂಗುತ್ತಾರೆ:
"ಬರೀರಿ ಅಮ್ಮಾ, ಬೆಳ್ಳಕ್ಕಿ ಮೂವತ್ತೊಂದು.
ಕೊಳದ ಬಕ ನಾಲ್ಕು, ಬೆನ್ನಿಗೆ ಮದುವೆಯ ಬಣ್ಣ ಬಂದಿದೆ.
ಮಿಂಚುಳ್ಳಿ ಒಂದು. ಅಲ್ಲ, ಎರಡು.
ಅಲ್ಲ, ಒಂದೇ. ಇನ್ನೊಂದು ಪ್ಲಾಸ್ಟಿಕ್ಕು."

ಬರೆಯುತ್ತೇನೆ.
ಬೆಳ್ಳಕ್ಕಿ ನನಗೆ ಬಿಳಿ ಚುಕ್ಕೆ,
ಮಿಂಚುಳ್ಳಿ ಒಂದು ಗೆರೆ, ಅದೂ ಅನುಮಾನ.
ಪಟ್ಟಿ ಮಾತ್ರ ಚೆಂದ ಬೆಳೆಯುತ್ತದೆ
ಕಿರಾಣಿ ಅಂಗಡಿಯ ಸಾಲದ ಪುಸ್ತಕದ ಹಾಗೆ:
ಲೆಕ್ಕ ನನ್ನಲ್ಲಿ, ಸಾಮಾನು ಇನ್ನೊಬ್ಬರ ಮನೆಯಲ್ಲಿ.

ಹರಿಣಾಕ್ಷಿ ತನ್ನ ದುರ್ಬೀನು ಕೊಟ್ಟಳು.
"ಒಮ್ಮೆ ನೋಡಿ, ಆ ಕೊಕ್ಕು ಬಾಗಿದ್ದು.
ಜೊತೆಯವು ಎಲ್ಲ ಹೊರಟುಹೋದವು,
ಇದೊಂದು ಎಂತಕ್ಕೋ ಉಳಿದಿದೆ."
ಹಿಡಿದೆ. ತಿರುಗಣೆ ತಿರುಗಿಸಿದೆ.
"ಎಷ್ಟು ಚೆಂದ" ಎಂದೆ.
ಅಲ್ಲಿ ಇದ್ದದ್ದು ನನ್ನದೇ ರೆಪ್ಪೆಗೂದಲು.

ಹತ್ತು ಗಂಟೆಗೇ ಬೆನ್ನ ಮೇಲೆ ಬಿಸಿಲಿನ ಕಾವಲಿ.
ಮರುವಾಯಿ ಹೆಕ್ಕುವ ಹೆಂಗಸರು
ಸೊಂಟದ ನೀರಲ್ಲಿ ನಿಂತು ನಗುತ್ತಿದ್ದರು.
ಅವರ ಪಟ್ಟಿಯಲ್ಲಿ ನಾವು, ಆರು.
"ಹೊರಡುವ" ಎಂದರು ಹಮ್ಮಬ್ಬ, ಕೀಲಿ ಕುಲುಕಿ.

ನನ್ನ ಚಪ್ಪಲಿಯ ಬಾರು ಕಡಿದದ್ದು ಆಗ.
ಬಗ್ಗಿದೆ.
ಹಿಂದಿನ ಎಡ ಚಕ್ರದಿಂದ ಒಂದು ಗೇಣು ಹಿಂದೆ,
ಜಲ್ಲಿಯ ನಡುವೆ ಜಲ್ಲಿಯಲ್ಲದ ನಾಲ್ಕು:
ಮಣ್ಣಿನ ಬಣ್ಣ, ಮೇಲೆ ಪೆನ್ನು ಕೊಡವಿದ ಕಲೆ,
ಚೂಪು ತುದಿ ಒಳಗೆ ಮಾಡಿ ಏನೋ ಗುಟ್ಟು ಮಾತಾಡುವಂತೆ.
ಹತ್ತಿರದ್ದು ನನಗೆ ಈಗಲೂ
ಸೂಜಿಯ ಕಣ್ಣಿನಷ್ಟು ಸ್ಪಷ್ಟ.

"ನಿಲ್ಲಿ!"
ನನ್ನ ದನಿ ನನಗೇ ಹೊಸತು.
ಬೆಳಗಿನಿಂದ ತಲೆಯ ಮೇಲೆ ಸುತ್ತಿ ಸುತ್ತಿ ಬೈದ ಟಿಟ್ಟಿಭ,
ಪಟ್ಟಿಯ ಏಳನೇ ಸಾಲು, ಸಂಖ್ಯೆ ಎರಡು,
ಬೈದದ್ದು ನಮಗೇ.

ಹಮ್ಮಬ್ಬ ಎಂಜಿನು ಹಚ್ಚಲಿಲ್ಲ.
ಗೇರು ಬಿಡಿಸಿ, ಇಳಿದು, "ದೂಡುವ, ಮುಂದಕ್ಕೆ, ಮೆಲ್ಲ."
ಮಲಗಿದ ಮಗುವಿನ ತೊಟ್ಟಿಲು ಸರಿಸುವ ಹಾಗೆ
ಒಂದು ಓಮ್ನಿಯನ್ನು ಸರಿಸಿದೆವು.

ದೂರ ಹೋಗಿ ಕುಳಿತೆವು, ತೆಂಗಿನ ಚೂರು ನೆರಳಲ್ಲಿ.
ಹಕ್ಕಿ ಬಂತಂತೆ.
ನೇರ ಬರಲಿಲ್ಲವಂತೆ, ಮೊದಲು ಹೊಳೆಗೆ ಹೋಗಿ
ಎದೆ ಹೊಟ್ಟೆ ತೋಯಿಸಿಕೊಂಡು, ಹನಿ ಚೆಲ್ಲುತ್ತ ಬಂದು
ಮೊಟ್ಟೆಗಳ ಮೇಲೆ ಕುಳಿತಿತಂತೆ.
"ಕಾವು ಕೊಡಲಿಕ್ಕಲ್ಲ" ಲೋಬೊ ಮಾಸ್ಟ್ರು ಪಿಸುಗುಟ್ಟಿದರು,
"ಈ ಬಿಸಿಲಿಗೆ, ತಂಪು ಮಾಡಲಿಕ್ಕೆ."
ನನಗೆ ಕಂಡದ್ದು ಕಂದು ಬಣ್ಣದ ಒಂದು ಅಲುಗಾಟ.
ಸಾಕಾಯಿತು.

"ಅಕ್ಕಾ, ನಿಮ್ಮ ಕಣ್ಣು ಭಾರಿ ಚುರುಕು ಮಾರಾಯ್ರೆ"
ಎಂದರು ಹಮ್ಮಬ್ಬ.
ನಕ್ಕೆ.
ಕಡಿದ ಚಪ್ಪಲಿ ಕೈಯಲ್ಲಿ ಹಿಡಿದು, ಸುಡುವ ಜಲ್ಲಿಯ ಮೇಲೆ
ನೋಡಿ, ನೋಡಿ
ಹೆಜ್ಜೆ ಇಟ್ಟೆ.