ಉದ್ದದ ದೋಣಿ

ಅವನ ಕಾಯಿಲೆಯ ಹೆಸರು ನಮಗೆ ಯಾರೂ ಹೇಳಲಿಲ್ಲ.
ಆಸ್ಪತ್ರೆಯವರು ಹೊಸ್ತಿಲಲ್ಲಿ ಇಳಿಸಿಹೋದದ್ದು ಮೂರೇ:
ಒಂದು ಪೆಟ್ಟಿಗೆ, ಒಂದು ಮಾತ್ರೆ ಡಬ್ಬಿ,
ಮತ್ತೆ ಒಡಿಲೋನ್.

ಬೆಲ್ಜಿಯಮ್ಮಿನ ಈ ಮರಳುಬಯಲಿನ ಊರಿಗೆ ಅದು ಹೊಸತಲ್ಲ.
ಅಜ್ಜಿಯ ಅಜ್ಜಿಯ ಕಾಲದಿಂದ
ಮನೆಗೊಬ್ಬರು, ಕೆಲವು ಮನೆಗಿಬ್ಬರು,
ತಲೆಯೊಳಗೆ ಬೇರೆಯೇ ಹವಾಮಾನ ಇರುವವರು
ನಮ್ಮ ಮೇಜಿನಲ್ಲೇ ಉಂಡು, ನಮ್ಮ ಹಸುಗಳನ್ನೇ ಬೈದು,
ನಮ್ಮ ನೆಲದಲ್ಲೇ ಮಣ್ಣಾಗಿದ್ದಾರೆ.
'ಮನೆಯಲ್ಲಿರುವವರು' ಅನ್ನುತ್ತೇವೆ ಅವರನ್ನು.
ಹಾಗೆ ನೋಡಿದರೆ ನಾವೂ ಅದೇ.

ನನಗಾಗ ಏಳು ವರ್ಷ.
ಅಮ್ಮ ಅವನಿಗೆ ಕಿಟಕಿ ಪಕ್ಕದ ಕುರ್ಚಿ ತೋರಿಸಿದಳು,
ಆಲೂಗಡ್ಡೆ ಸುಲಿಯಲು ಚಾಕು ಕೊಟ್ಟಳು.
"ಚಾಕು ಕೊಟ್ಟೆಯಾ!" ಆಂಟ್ವರ್ಪಿನಿಂದ ಬಂದ ಚಿಕ್ಕಮ್ಮ ಬೆಚ್ಚಿದಳು.
"ಮತ್ತೇನು, ಹಲ್ಲಲ್ಲಿ ಸುಲಿಯಬೇಕಿತ್ತಾ?"
ಅವನು ತೆಗೆದ ಸಿಪ್ಪೆ ಎಷ್ಟು ತೆಳುವೆಂದರೆ
ಬೆಳಕಿಗೆ ಹಿಡಿದರೆ ಆಚೆಯ ಚರ್ಚು ಕಾಣುತ್ತಿತ್ತು.

ದಿನಾ ನಾಲ್ಕು ಗಂಟೆಗೆ ಕಾಲುವೆಯ ಕಡೆಗೆ.
ಎತ್ತುವ ಸೇತುವೆಯ ಮುಂದೆ ಕೈ ಅಡ್ಡ ಚಾಚಿ ನಿಂತುಬಿಡುತ್ತಿದ್ದ:
"ತಡಿ, ದೋಣಿ ದಾಟಲಿ."
ಸೇತುವೆ ಎದ್ದಿಲ್ಲ. ನೀರಲ್ಲಿ ಒಂದು ಬಾತುಕೋಳಿ,
ಹರಿದ ಮೋಡ, ಅಷ್ಟೆ.
ಇದೆ ಅನ್ನುವ ಸುಳ್ಳು ಬೇಡ,
ಇಲ್ಲ ಅನ್ನುವ ಜಗಳವೂ ಬೇಡ;
ಅಮ್ಮ ಕಲಿಸಿದ ವೈದ್ಯ ಇಷ್ಟೇ.
ಸೈಕಲ್ಲು ಒರಗಿಸಿ ನಾನೂ ನಿಲ್ಲುತ್ತಿದ್ದೆ.
ಕೆಲವು ದಿನ ಎರಡೇ ನಿಮಿಷದ ದೋಣಿ.
ಕೆಲವು ದಿನ ಕತ್ತಲಾದರೂ ಅದರ ಬಾಲ ಬರುತ್ತಿರಲಿಲ್ಲ.

ಎದುರುಮನೆಯ ಯೂಸ್ಟ್‌ಗೆ ಗಾಲಿಕುರ್ಚಿ,
ಅಂಚೆ ಕಚೇರಿಗೆ ಮೂರು ಮೆಟ್ಟಿಲು.
ಬೀದಿಯಲ್ಲೇ ನಿಂತು ಕೂಗುವನು:
"ನಿಮ್ಮ ಕಟ್ಟಡ ಕುಂಟು ಕಣ್ರೋ!
ಮೂರೇ ಮೆಟ್ಟಿಲು ಇಳಿದು ಬರಲಾರದು, ಪಾಪ!"
ಕಿವಿ ಕೇಳದ ದರ್ಜಿ ಗೋಡೆಲೀವಳ ಪಾಲಿಗೆ
ಕೈ ಕಟ್ಟಿ ಕೂತವರೆಲ್ಲ ಮೂಗರು.

ಆಮೇಲೆ ನಾನು ಹೆಸರುಗಳನ್ನು ಕಲಿತೆ.
ನರ್ಸಿಂಗ್ ಶಾಲೆಯ ದಪ್ಪ ಪುಸ್ತಕದಲ್ಲಿ
ಒಂದು ರಾತ್ರಿ ಒಡಿಲೋನ್ ಸಿಕ್ಕ.
ಲಕ್ಷಣವೆಲ್ಲ ಸರಿಯಾಗಿತ್ತು.
ಸಿಪ್ಪೆಯ ಮಾತು ಮಾತ್ರ ಎಲ್ಲೂ ಇರಲಿಲ್ಲ.
ಹೆಸರೇ ಬೇಡ ಅನ್ನಲಾರೆ. ಹೆಸರಿನಿಂದ ಮಾತ್ರೆ,
ಮಾತ್ರೆಯಿಂದ ಅವನಿಗೆ ನಿದ್ದೆ.
ಆದರೂ ಅದು ಕಾಲರಿನ ಒಳಗಿನ ಚೀಟಿ:
ಒಗೆಯುವವರಿಗೆ ಬೇಕು,
ತೊಟ್ಟವನ ಕುತ್ತಿಗೆಗೆ ಚುಚ್ಚುತ್ತದೆ.

ಮಗಳು ಹುಟ್ಟಿದ ನವೆಂಬರಿನಲ್ಲಿ
ಹಾಲು ಬಂತು, ನಾನು ಬರಲಿಲ್ಲ.
ತೊಟ್ಟಿಲಿನ ಅಳು ಪಕ್ಕದೂರಿನದೆಂಬಂತೆ
ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದೆ.
ಹೆಸರು ಗೊತ್ತಿತ್ತು ನನಗೆ. ಪುಟದ ಸಂಖ್ಯೆಯೂ.
ಬಂದವರೆಲ್ಲ ಒಂದೊಂದು ಹೇಳಿದರು:
ಕಿಟಕಿ ತೆಗಿ, ಸ್ವಲ್ಪ ನಡೆದಾಡು,
ಮಗುವಿನ ಮುಖ ನೋಡೇ, ನಿನಗೇನು ಕಡಿಮೆ.

ಒಡಿಲೋನ್ ಬಂದ. ಎಪ್ಪತ್ತು ದಾಟಿತ್ತು.
ಕೋಣೆಯ ಬಾಗಿಲಾಚೆ ಕುರ್ಚಿ ಎಳೆದು ಕೂತ,
ಮಡಿಲಲ್ಲಿ ಆಲೂಗಡ್ಡೆ.
ಚಾಕುವಿನ ಸರಸರ, ಬಕೆಟ್ಟಿಗೆ ಬೀಳುವ ಟಪ್.
ತುಂಬ ಹೊತ್ತಾದ ಮೇಲೆ, ನನ್ನ ಕಡೆ ನೋಡದೆ,
"ನಿನ್ನದು ಉದ್ದದ ದೋಣಿ," ಎಂದ.

ಅಂದು ಅದು ದಾಟಲಿಲ್ಲ. ಮರುದಿನವೂ.
ಮಾತ್ರೆ ನುಂಗಿದೆ, ಡಾಕ್ಟರ ಮುಂದೆ ಅತ್ತೆ,
ಎರಡು ಸಲ ಅಳಲೂ ಆಗದೆ ಎದ್ದು ಬಂದೆ.
ಕ್ರಿಸ್‌ಮಸ್ ಕಳೆಯಿತು, ಕಾಲುವೆ ಹೆಪ್ಪುಗಟ್ಟಿತು.
ಅವನು ಕುರ್ಚಿ ಸರಿಸಲಿಲ್ಲ.
ಆ ಚಳಿಗಾಲ ಊರಿಗೆಲ್ಲ ಸಾಕಾಗುವಷ್ಟು
ಆಲೂಗಡ್ಡೆ ಸುಲಿದಿದ್ದ.

ಈಗ ಅವನಿಲ್ಲ.
ಸೇತುವೆ ಬಂದಾಗ ಸೈಕಲ್ಲಿಂದ ಇಳಿಯುತ್ತೇನೆ.
ಹಿಂದಿನ ಸೀಟಿನಿಂದ ಮಗಳು ಕತ್ತು ಚಾಚಿ
ಖಾಲಿ ನೀರು ನೋಡುತ್ತಾಳೆ:
"ಅಮ್ಮಾ, ದೊಡ್ಡದಾ ಇವತ್ತು?"
ಹಿಂದೆ ಯಾವುದೋ ಕಾರು ಹಾರ್ನ್ ಒತ್ತುತ್ತದೆ.